ತಲೆ ಹೋದರೂ ಕೋಡು ಉಳಿಯಿತು

(ಪ್ರಷ್ಯದ ಮೊನೆ ಹೆಲ್ಮೆಟ್ಟಿನೊಂದಿಗೆ ಒಂದು ಕಾಲ್ಪನಿಕ ಸಂದರ್ಶನ)

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ರಜೆ. ಹಳೆಯ ಸೈನಿಕ ಸಾಮಾನಿನ ಸಂತೆ ನೆರೆದದ್ದು ಮಾತ್ರ ಆ ದಿನವೇ. ಹ್ಯಾನೋವರ್ ಹತ್ತಿರದ ಒಂದು ಊರು, ಊರಿನ ಜಿಮ್ ಹಾಲು, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಸಾಲು ಮೇಜು. ಪದಕ, ಬೆಲ್ಟಿನ ಬಕಲ್, ಯಾರದೋ ಮುತ್ತಜ್ಜನ ಫೋಟೋ, ಎಲ್ಲಕ್ಕೂ ಬೆಲೆಚೀಟಿ. ಮೂಲೆಯ ಮೇಜಿನ ಮೇಲೆ ಅವರು ಕೂತಿದ್ದರು: ಕಪ್ಪು ಮೆರುಗಿನ ಚರ್ಮದ ಬುರುಡೆ, ಹಣೆಯ ಮೇಲೆ ರೆಕ್ಕೆ ಬಿಚ್ಚಿದ ಹಿತ್ತಾಳೆ ಹದ್ದು, ನೆತ್ತಿಯ ಮೇಲೆ ಮೊನೆ. ವ್ಯಾಪಾರಿ ಕಾಫಿಗೆ ಹೋಗಿದ್ದ. ‘ಮುಟ್ಟಬೇಡಿ’ ಎಂದು ಬೋರ್ಡು ಇತ್ತು. ಮಾತಾಡಿಸಬೇಡಿ ಎಂದು ಇರಲಿಲ್ಲ.

ನಾನು: ನಮಸ್ಕಾರ. ತಮ್ಮ ಪರಿಚಯ ನಮ್ಮ ಓದುಗರಿಗೆ…

ಹೆಲ್ಮೆಟ್: ಮೊದಲು ಹಿಮ್ಮಡಿ ಜೋಡಿಸಿ ನಿಲ್ಲಿ. ಹೊಟ್ಟೆ ಒಳಗೆ. ಹಾಂ. ಈಗ ಬರೆದುಕೊಳ್ಳಿ. ನಾವು ಪ್ರಷ್ಯದ ದೊರೆ ನಾಲ್ಕನೆಯ ಫ್ರೀಡ್ರಿಷ್ ವಿಲ್‌ಹೆಲ್ಮರ ಆಜ್ಞೆಯಿಂದ 1842ರ ಅಕ್ಟೋಬರ್ 23ರಂದು ಹುಟ್ಟಿದ ವಂಶದವರು. ಜನ ಪಿಕಲ್‌ಹೌಬ ಎನ್ನುತ್ತಾರೆ. ಅದು ಬೀದಿಯ ಮಾತು. ಕಡತದಲ್ಲಿ ನಾವು ‘ಮೊನೆಯುಳ್ಳ ಹೆಲ್ಮೆಟ್’.

ನಾನು: ಮೊನೆ ಯಾಕೆ ಸ್ವಾಮಿ?

ಹೆಲ್ಮೆಟ್: ಕುದುರೆ ಸವಾರ ಮೇಲಿಂದ ಕತ್ತಿ ಬೀಸಿದ ಅನ್ನಿ. ಏಟು ಮೊನೆಗೆ ತಾಗಿ ಪಕ್ಕಕ್ಕೆ ಜಾರಬೇಕು. ಅದಕ್ಕೆ.

ನಾನು: 1841ರಲ್ಲೇ ನಿಮ್ಮ ಪ್ರಷ್ಯ ಡ್ರೈಸೆಯ ಸೂಜಿ ಬಂದೂಕನ್ನು ಸೈನ್ಯಕ್ಕೆ ಒಪ್ಪಿಕೊಂಡಿತ್ತಲ್ಲ? ಹಿಂಬದಿಯಿಂದ ತೋಟಾ ತುಂಬುವ ಬಂದೂಕು, ಮಲಗಿಕೊಂಡೇ ಹೊಡೆಯಬಹುದು. ಅದಾದ ಮಾರನೆಯ ವರ್ಷ ಕತ್ತಿಯೇಟಿಗೆಂದು ಟೋಪಿ ಮಾಡಿಸಿದರೇ?

ಹೆಲ್ಮೆಟ್: ಬಂದೂಕಿನವರು ಬೇರೆ, ಟೋಪಿಯವರು ಬೇರೆ. ನಿಮ್ಮಲ್ಲಿ ರಸ್ತೆಗೆ ಡಾಂಬರು ಹಾಕುವವರೂ ಮರುದಿನ ಅದನ್ನು ಅಗೆಯುವವರೂ ಒಂದೇ ಇಲಾಖೆಯವರೇ?

ನಾನು: ಒಪ್ಪಿದೆ. ಆದರೆ ನಿಮಗೆ ಎರಡು ವರ್ಷ ತುಂಬುವಷ್ಟರಲ್ಲೇ ಕವಿ ಹೈನೆ ನಗಾಡಿದ. 1844ರ ತನ್ನ ‘ಜರ್ಮನಿ: ಒಂದು ಚಳಿಗಾಲದ ಕಥೆ’ಯಲ್ಲಿ, ಗುಡುಗು ಮಳೆಯ ದಿನ ಆ ಮೊನೆ ಸಿಡಿಲನ್ನು ಕರೆದು ತಲೆಗೆ ಇಳಿಸೀತು ಎಂದು ಎಚ್ಚರಿಸಿದ.

ಹೆಲ್ಮೆಟ್: ಆ ಪುಸ್ತಕವನ್ನು ನಮ್ಮವರು ನಿಷೇಧಿಸಿದರು. ಸಿಡಿಲಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ನಮಗೆ ತೋಚಲಿಲ್ಲ.

ನಾನು: ಫಿರಂಗಿಯವರು ಮೊನೆ ತೆಗೆಸಿ ಗುಂಡು ಹಾಕಿಸಿಕೊಂಡರಂತೆ?

ಹೆಲ್ಮೆಟ್: 1840ರ ದಶಕದಲ್ಲೇ. ಫಿರಂಗಿಗೆ ಮದ್ದು ತುಂಬುವವ ಬಗ್ಗುತ್ತಾನೆ, ಏಳುತ್ತಾನೆ. ಪಕ್ಕದವನ ಕಣ್ಣು ಅಲ್ಲೇ ಇರುತ್ತದೆ. ಹಾಗಾಗಿ ಅವರಿಗೆ ಮೊನೆಯ ಜಾಗದಲ್ಲಿ ಒಂದು ಲೋಹದ ಗುಂಡು. ಸಂಗ್ರಾಹಕರು ಮೊದಲು ನೋಡುವುದೇ ಅದನ್ನು. ಗುಂಡು ಇದ್ದರೆ ಫಿರಂಗಿ, ಮೊನೆ ಇದ್ದರೆ ಕಾಲಾಳು. ಇಷ್ಟು ತಿಳಿದವನು ಸಂತೆಯಲ್ಲಿ ಅರ್ಧ ಪಂಡಿತ. ಮಿಕ್ಕರ್ಧಕ್ಕೆ ಸಾಲ ಮಾಡಬೇಕಾಗುತ್ತದೆ.

ನಾನು: ವಂಶದ ಮೊದಲಿನವರು ಬಹಳ ಎತ್ತರ ಇದ್ದರಂತೆ.

ಹೆಲ್ಮೆಟ್: ಗೋಪುರದ ಹಾಗೆ ಇದ್ದರು. ಗಾಳಿ ಬಂದರೆ ಸೈನಿಕ ಒಂದು ಕಡೆ, ಅವರು ಒಂದು ಕಡೆ. 1857ರಲ್ಲಿ ತಗ್ಗಿಸಿದರು. 1860ರಲ್ಲಿ ಇನ್ನಷ್ಟು. 1867ರಲ್ಲಿ ಮತ್ತಷ್ಟು. ಆಮೇಲೆ 1871, 1887, 1891, 1895. ನಾವು 1895ರ ಮಾದರಿ. ಸಾಮ್ರಾಜ್ಯ ಬೆಳೆದ ಹಾಗೆಲ್ಲ ನಾವು ಕುಳ್ಳಗಾದೆವು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ನಾನು: ನಗಲಿಲ್ಲ, ಕೆಮ್ಮು. ಬವೇರಿಯದವರು ನಿಮ್ಮನ್ನು ಬಹಳ ಕಾಲ ಹತ್ತಿರ ಸೇರಿಸಲಿಲ್ಲವಂತೆ?

ಹೆಲ್ಮೆಟ್: ಅವರಿಗೆ ನೆತ್ತಿಯ ಮೇಲೆ ಕಂಬಳಿಹುಳದ ಹಾಗೆ ಕೂದಲ ಸಾಲಿದ್ದ ಹೆಲ್ಮೆಟ್ಟೇ ಪ್ರೀತಿ. 1886ರಲ್ಲಿ, ಅವರ ದೊರೆ ಎರಡನೆಯ ಲುಡ್ವಿಗ್ ತೀರಿಕೊಂಡ ವರ್ಷ, ನಾವು ಒಳಗೆ ಹೋದೆವು. ಹದ್ದಿನ ಬದಲು ಎರಡು ಸಿಂಹ ಇರಲಿ ಎಂದರು. ಇರಲಿ ಎಂದೆವು. ವ್ಯೂರ್ಟೆಂಬರ್ಗಿನವರು ಒಂದು ಸಿಂಹ ಒಂದು ಜಿಂಕೆ ಎಂದರು, ಸ್ಯಾಕ್ಸನಿಯವರು ನಕ್ಷತ್ರ ಎಂದರು, ಬಾಡೆನ್‌ನವರು ಹದ್ದಿನ ತಲೆಯ ಸಿಂಹ ಎಂದರು. ಏನಾದರೂ ಹಾಕಿಕೊಳ್ಳಿ, ಮೊನೆ ಮಾತ್ರ ನಮ್ಮದು. ಪ್ರಷ್ಯ ಜರ್ಮನಿಯನ್ನು ಒಂದು ಮಾಡಿದ ಬಗೆಯೇ ಅದು.

ನಾನು: ಸಂತೆಯಲ್ಲಿ ಯಾವುದಕ್ಕೆ ಬೆಲೆ?

ಹೆಲ್ಮೆಟ್: ಹೇಳಿದರೆ ಹೊಟ್ಟೆ ಉರಿಯುತ್ತದೆ. ಹದ್ದು ಸಾಮಾನ್ಯ, ಪ್ರಷ್ಯದವರು ಲೆಕ್ಕವಿಲ್ಲದಷ್ಟು. ನಕ್ಷೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಂಥ ಸಂಸ್ಥಾನದ ಫಲಕ ಸಿಕ್ಕಿದರೆ ಮಾತ್ರ ಹರಾಜಿನವನ ದನಿ ಏರುತ್ತದೆ. ಸೈನ್ಯ ಚಿಕ್ಕದಾದಷ್ಟೂ ಹೆಲ್ಮೆಟ್ಟು ಅಪರೂಪ. ಆ ರಾಜ್ಯಗಳು ಯುದ್ಧ ಗೆದ್ದು ಗಳಿಸದ ಮರ್ಯಾದೆಯನ್ನು ಜನಸಂಖ್ಯೆ ಇಲ್ಲದ್ದರಿಂದ ಗಳಿಸಿಕೊಂಡಿವೆ.

ನಾನು: ಬಿಸ್ಮಾರ್ಕ್ ಎಂದರೆ ನಮಗೆ ನೀವೇ ನೆನಪಿಗೆ ಬರುತ್ತೀರಿ. ಆದರೆ ಅವರು ವೃತ್ತಿಯಿಂದ ಸೈನಿಕರಲ್ಲವಲ್ಲ?

ಹೆಲ್ಮೆಟ್: ಅಲ್ಲ. ರಾಜಕಾರಣಿ. ಅವರ ತಲೆಯ ಮೇಲಿದ್ದವನು ನಮ್ಮ ದೊಡ್ಡಪ್ಪನ ಮಗ, ಕ್ಯುರಸಿಯರ್ ಕುದುರೆಪಡೆಯ ಉಕ್ಕಿನ ಹೆಲ್ಮೆಟ್. ಕತ್ತಿನವರೆಗೂ ಇಳಿಯುತ್ತದೆ, ಸೀಗಡಿಯ ಬಾಲದ ಹಾಗೆ. ಆದರೆ ನೋಡಿ, ಆ ಕಾಲದಲ್ಲಿ ನಮ್ಮಲ್ಲಿ ಮಂತ್ರಿಯಾದವನಿಗೂ ಸಮವಸ್ತ್ರ ತೊಟ್ಟರೇ ಮಾತಿಗೆ ತೂಕ. ಗಂಡಸಿನ ತಲೆಯೊಳಗೆ ಏನಿದೆ ಎಂದು ಕೇಳುವುದು ಒರಟುತನ. ತಲೆಯ ಮೇಲೆ ಏನಿದೆ ನೋಡಿ ಸೆಲ್ಯೂಟ್ ಹೊಡೆದರೆ ಆಯಿತು.

ನಾನು: ಹಾಗೆ ಸೆಲ್ಯೂಟ್ ಹೊಡೆದೇ ಅಲ್ಲವೇ ಕ್ಯೋಪೆನಿಕ್‌ನಲ್ಲಿ…

ಹೆಲ್ಮೆಟ್: ಆ ಸುದ್ದಿ ಎತ್ತಬೇಡಿ.

ನಾನು: ಓದುಗರಿಗೆ ಗೊತ್ತಿರಲಿ. 1906ರ ಅಕ್ಟೋಬರ್ 16. ಜೈಲು ಕಂಡು ಬಂದ ವಿಲ್‌ಹೆಲ್ಮ್ ಫೋಗ್ಟ್ ಎಂಬ ಚಮ್ಮಾರ ಹಳೇ ಬಟ್ಟೆ ಅಂಗಡಿಯಲ್ಲಿ ಕ್ಯಾಪ್ಟನ್ನನ ಸಮವಸ್ತ್ರ ಕೊಂಡು, ಬೀದಿಯಲ್ಲಿ ಸಿಕ್ಕ ಸೈನಿಕರನ್ನು ‘ನಡೀರಿ ನನ್ನ ಹಿಂದೆ’ ಎಂದು ಕರೆದುಕೊಂಡು ಹೋಗಿ, ಕ್ಯೋಪೆನಿಕ್ ಪುರಭವನಕ್ಕೆ ನುಗ್ಗಿ, ಮೇಯರನ್ನು ಬಂಧಿಸಿ, ಖಜಾನೆಯಿಂದ ಮೂರೂವರೆ ಸಾವಿರಕ್ಕೂ ಹೆಚ್ಚು ಮಾರ್ಕ್ ಎಣಿಸಿಕೊಂಡು ಹೊರಟ. ಯಾರೂ ಗುರುತಿನ ಚೀಟಿ ಕೇಳಲಿಲ್ಲ. ನಾಲ್ಕು ವರ್ಷ ಸಜೆಯಾಯಿತು, 1908ರಲ್ಲಿ ಕೈಸರನೇ ಕ್ಷಮಿಸಿ ಬಿಟ್ಟ.

ಹೆಲ್ಮೆಟ್: ಒಂದು ಬರೆದುಕೊಳ್ಳಿ. ಆ ಮನುಷ್ಯ ತಲೆಗೆ ಹಾಕಿದ್ದು ಬಟ್ಟೆಯ ಕ್ಯಾಪು. ನಮ್ಮನ್ನಲ್ಲ. ನಮಗೆ ಸಿಟ್ಟು ಬಂದದ್ದು ಮೋಸಕ್ಕಲ್ಲ. ಬರೀ ಕ್ಯಾಪಿಗೇ ಮೇಯರು ಶರಣಾದ ಎಂದರೆ ನಮ್ಮಂಥವರು ಯಾತಕ್ಕೆ?

ನಾನು: ಬೇಜಾರಾಗಬೇಡಿ. ಹೊರದೇಶದಲ್ಲಿ ನಿಮಗೆ ಭಾರೀ ಅಭಿಮಾನಿಗಳಿದ್ದರಲ್ಲ.

ಹೆಲ್ಮೆಟ್: (ಉಬ್ಬಿ) 1870-71ರಲ್ಲಿ ಫ್ರಾನ್ಸನ್ನು ಸೋಲಿಸಿದ ಮೇಲೆ ಕೇಳುವುದೇ ಬೇಡ. 1878ರಲ್ಲಿ ಬ್ರಿಟಿಷರು ನೀಲಿ ಬಟ್ಟೆ ಹೊದಿಸಿ ಮೊನೆ ಇಟ್ಟುಕೊಂಡರು. 1881ರಲ್ಲಿ ಅಮೆರಿಕದ ಕಾಲಾಳುಗಳೂ ಇಟ್ಟುಕೊಂಡರು. ಚಿಲಿ ದೇಶದ ಸೈನಿಕ ಶಾಲೆಯ ಹುಡುಗರು ಇವತ್ತಿಗೂ ನಮ್ಮನ್ನು ಹೊತ್ತು ಪೆರೇಡ್ ಮಾಡುತ್ತಾರೆ. ಗೆದ್ದವನ ಬಂದೂಕಿಗೆ ದುಡ್ಡು ಬೇಕು, ತರಬೇತಿ ಬೇಕು. ಗೆದ್ದವನ ಟೋಪಿಗೆ ದರ್ಜಿ ಸಾಕು.

ನಾನು: ತಮ್ಮ ಹದ್ದಿನ ಮೇಲೆ ‘ವಾಟರ್‌ಲೂ’ ಎಂದು ಪಟ್ಟಿ ಕಾಣುತ್ತಿದೆ. ಅದರ ಕಥೆ?

ಹೆಲ್ಮೆಟ್: ಆಹಾ, ಒಳ್ಳೆಯ ಪ್ರಶ್ನೆ. ಇದು ಎಲ್ಲರಿಗೂ ಸಿಗುವ ಪಟ್ಟಿಯಲ್ಲ. ಹ್ಯಾನೋವರ್ ಮೂಲದ ಕೆಲವೇ ರೆಜಿಮೆಂಟುಗಳಿಗೆ ಸಂದ ಗೌರವ. ಹ್ಯಾನೋವರಿನವರು ನೆಪೋಲಿಯನ್ ಮೇಲೆ ಇಂಗ್ಲಿಷರ ಜೊತೆ ನಿಂತು ಕಾದಿದವರು. ಇಂಗ್ಲೆಂಡಿನ ರಾಜನೂ ಅವರ ರಾಜನೂ ಆಗ ಒಬ್ಬನೇ. 1815ರಲ್ಲಿ ವಾಟರ್‌ಲೂ ಗೆದ್ದರು.

ನಾನು: ಆಮೇಲೆ?

ಹೆಲ್ಮೆಟ್: ಆಮೇಲೆ 1866ರಲ್ಲಿ ಪ್ರಷ್ಯದ ನಾವು ಹ್ಯಾನೋವರ್ ರಾಜ್ಯವನ್ನು ನುಂಗಿದೆವು. ರಾಜ ದೇಶ ಬಿಟ್ಟ, ಸೈನ್ಯ ಚದುರಿತು. 1899ರಲ್ಲಿ ಕೈಸರ್ ಎರಡನೆಯ ವಿಲ್‌ಹೆಲ್ಮರಿಗೆ ಆ ಹಳೆಯ ಸೈನ್ಯದ ಕೀರ್ತಿ ವ್ಯರ್ಥವಾಗಬಾರದು ಎನ್ನಿಸಿತು. ಆ ಕಡೆಯ ರೆಜಿಮೆಂಟುಗಳಿಗೆ ‘ವಾಟರ್‌ಲೂ’, ‘ಪೆನಿನ್ಸುಲಾ’ ಎಂಬ ಪಟ್ಟಿ ದಯಪಾಲಿಸಿದರು.

ನಾನು: ಅಂದರೆ ನಿಮ್ಮಿಂದಲೇ ಇಲ್ಲವಾದ ಸೈನ್ಯದ ಬಿರುದನ್ನು ನೀವೇ ಹಣೆಗೆ ಅಂಟಿಸಿಕೊಂಡಿರಿ. ಇಂಗ್ಲಿಷರ ಜೊತೆಗೂಡಿ ಗೆದ್ದ ಯುದ್ಧದ ಹೆಸರನ್ನು ಹೊತ್ತುಕೊಂಡು 1914ರಲ್ಲಿ ಇಂಗ್ಲಿಷರ ಮೇಲೇ ಹೋದಿರಿ.

ಹೆಲ್ಮೆಟ್: ಮೇಲೆ ಬಟ್ಟೆಯ ಕವರು ಇತ್ತು. ಯಾರಿಗೂ ಕಾಣಿಸುತ್ತಿರಲಿಲ್ಲ.

ನಾನು: ಹ್ಯಾನೋವರಿನವರು ನಮ್ಮ ಕಡೆಗೂ ಬಂದಿದ್ದರು ಗೊತ್ತೇ? ನಿಮ್ಮ ವಂಶ ಹುಟ್ಟುವುದಕ್ಕೆ ಅರವತ್ತು ವರ್ಷ ಮುಂಚೆ, 1782ರಲ್ಲಿ, ಎರಡು ಹ್ಯಾನೋವರ್ ರೆಜಿಮೆಂಟುಗಳು ಈಸ್ಟ್ ಇಂಡಿಯಾ ಕಂಪನಿಗೆ ಬಾಡಿಗೆಗೆ ಮದ್ರಾಸಿಗೆ ಬಂದಿಳಿದವು. 1783ರ ಜೂನಿನಲ್ಲಿ ಕಡಲೂರಿನಲ್ಲಿ ಫ್ರೆಂಚರ ಮೇಲೆ ಹೋರಾಡಿದವು. ಫ್ರೆಂಚರು ಆಗ ಟಿಪ್ಪುವಿನ ಕಡೆ. ಕಡಲೂರಿನ ಹೆಸರು ಯಾರ ಹಣೆಯ ಮೇಲೂ ಬರೆದಂತಿಲ್ಲ.

ಹೆಲ್ಮೆಟ್: ಗೆದ್ದರೇ?

ನಾನು: ಗೆದ್ದೆವು ಅಂತ ಹೇಳುವ ಹಾಗಿರಲಿಲ್ಲ. ಯೂರೋಪಿನಿಂದ ಸಂಧಿಯ ಸುದ್ದಿ ಬಂತು, ಎಲ್ಲರೂ ನಿಲ್ಲಿಸಿದರು.

ಹೆಲ್ಮೆಟ್: ಹಾಗಾದರೆ ಪಟ್ಟಿಗೆ ಹಿತ್ತಾಳೆ ದಂಡ.

(ಇಷ್ಟು ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ವ್ಯಾಪಾರಿಯ ಸುಳಿವಿಲ್ಲ. ಅವರನ್ನು ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿದೆ.)

ಹೆಲ್ಮೆಟ್: ಏನಿದು ಅಸಭ್ಯತೆ! ಇಳಿಸಿ!

ನಾನು: ಬಲ್ಲವರು ಮೊದಲು ಒಳಗೆ ನೋಡುತ್ತಾರಂತೆ. ಮೇಲೆ ಥಳುಕು, ಒಳಗೆ ಹುಳುಕು ಎಂದು ನಮ್ಮಲ್ಲೂ ಮಾತಿದೆ. ಹಾಂ, ಚರ್ಮದ ಪಟ್ಟಿಗೆ ನಾಲಗೆಗಳು, ನಾಲಗೆಗಳ ತುದಿಗೆ ದಾರ. ಎಳೆದು ಕಟ್ಟಿದರೆ ತಲೆಗೆ ಹೊಂದುತ್ತದೆ. ಇದು ಸಿಪಾಯಿಯದು. ಆಫೀಸರದ್ದಾದರೆ ಒಳಗೆ ರೇಷ್ಮೆಯ ಅಸ್ತರಿ ಇರಬೇಕಿತ್ತು. ಮುಂದಿನ ಅಂಚಿನ ಕೆಳಮೈ ಹಸಿರು, ಹಿಂದಿನದು ಕೆಂಪು ಇರಬೇಕಿತ್ತು.

ಹೆಲ್ಮೆಟ್: ನಾವು ಆಫೀಸರು ಎಂದು ಎಲ್ಲಿ ಹೇಳಿದೆವು?

ನಾನು: ಹೊಟ್ಟೆ ಒಳಗೆ ಎಳೆದುಕೊಳ್ಳಿ ಎಂದಾಗ ಹಾಗೆ ಅನ್ನಿಸಿತು. ಇಲ್ಲಿ ಸೈಜು 56. ಬುರುಡೆಯ ಒಳಗೆ ಮಸಿಯ ಮುದ್ರೆ… ‘ಬಿ.ಎ.’ ಎಂದಿದೆ. ಪದವೀಧರರು!

ಹೆಲ್ಮೆಟ್: ಅದು ಸೈನ್ಯದ ಬಟ್ಟೆ ಉಗ್ರಾಣದ ಮುದ್ರೆ, ಅವಿವೇಕಿ. ಒಂದೊಂದು ಕೋರ್‌ಗೆ ಒಂದೊಂದು ಉಗ್ರಾಣ. ಅಲ್ಲಿಂದ ಹೊರಬಿದ್ದ ಸಾಮಾನಿಗೆಲ್ಲ ಮುದ್ರೆ, ಕೋರಿನ ಸಂಖ್ಯೆ, ವರ್ಷ.

ನಾನು: ಸಂಖ್ಯೆ ರೋಮನ್ ಐದು. ವರ್ಷ 1909. ಐದನೇ ಕೋರ್ ಅಂದರೆ ಪೋಸೆನ್. ಈಗ ಪೋಲೆಂಡಿನ ಪೊಜ್ನಾನ್.

ಹೆಲ್ಮೆಟ್: (ಮೌನ)

ನಾನು: ಹ್ಯಾನೋವರ್ ಹತ್ತನೆಯ ಕೋರ್ ಅಲ್ಲವೇ? ಪೋಸೆನ್ನಿನ ಬುರುಡೆಗೆ ‘ವಾಟರ್‌ಲೂ’ ಹೇಗೆ ಬಂತು?

ಹೆಲ್ಮೆಟ್: ವರ್ಗಾವಣೆ.

ನಾನು: ಯಾವಾಗ?

ಹೆಲ್ಮೆಟ್: ಯುದ್ಧ ಮುಗಿದ ಮೇಲೆ. ಬಹಳ ಮೇಲೆ.

(ಮೊಬೈಲಿನ ಟಾರ್ಚನ್ನು ಒಳಗಿಂದ ಹಿಡಿದೆ. ಹದ್ದಿನ ಎಡರೆಕ್ಕೆಯ ಪಕ್ಕದಲ್ಲಿ ಸಾಸಿವೆಯಷ್ಟು ಬೆಳಕು ಸೋರಿತು. ಸಿಪಾಯಿ ಹೆಲ್ಮೆಟ್ಟಿನ ಫಲಕದ ಹಿಂದೆ ಎರಡು ಬಳೆಗಳು ಇರುತ್ತವೆ. ಅವನ್ನು ಬುರುಡೆಯ ಎರಡು ತೂತಿನಲ್ಲಿ ತೂರಿಸಿ, ಒಳಗಿನಿಂದ ಚರ್ಮದ ಬೆಣೆ ಸಿಗಿಸುತ್ತಾರೆ. ಎರಡು ಬಳೆ, ಎರಡು ತೂತು. ಇಲ್ಲಿ ನಾಲ್ಕು ಇದ್ದವು. ಬೆಣೆಗಳಲ್ಲಿ ಒಂದು ಹಳೆಯ ಕಪ್ಪು, ಇನ್ನೊಂದು ಹೊಸ ಚಪ್ಪಲಿಯ ಬಣ್ಣ. ಹದ್ದಿನ ಬಾಲದ ಕೆಳಗೆ, ಮೆರುಗು ಬಿಸಿಲಿಗೆ ಬಿಳಿಚದ ಕಡೆ, ಇನ್ನೊಂದು ಹದ್ದಿನ ಬಾಲದ ನೆರಳು ಅರ್ಧ ಬೆರಳು ಪಕ್ಕಕ್ಕೆ ಉಳಿದಿತ್ತು.)

ನಾನು: ಈ ಹದ್ದು ನಿಮ್ಮದಲ್ಲ.

ಹೆಲ್ಮೆಟ್: ಮೆಲ್ಲಗೆ ಮಾತಾಡಿ. ನನ್ನದು ಬರೀ ಹದ್ದು. ಪಟ್ಟಿ ಇಲ್ಲದ ಹದ್ದು. ಯಾರು ಕೊಳ್ಳುತ್ತಾರೆ? ಒಬ್ಬ ವ್ಯಾಪಾರಿ ಅದನ್ನು ಕಿತ್ತು ಇದನ್ನು ಕೂರಿಸಿದ. ಸಂಗ್ರಾಹಕರು ಇದಕ್ಕೆ ಮದುವೆ ಎನ್ನುತ್ತಾರೆ.

ನಾನು: ಈಗ ‘ನನ್ನದು’ ಎಂದಿರಿ. ಆಗಿನಿಂದ ‘ನಾವು’ ಎನ್ನುತ್ತಿದ್ದಿರಿ.

ಹೆಲ್ಮೆಟ್: ತಲೆಕೆಳಗಾದಾಗ ಬಹುವಚನ ನಿಲ್ಲುವುದಿಲ್ಲ.

ಇಲ್ಲಿ ಪಕ್ಕದ ಮೇಜಿನಿಂದ ಕಿಸಕ್ಕನೆ ನಗು ಕೇಳಿತು. ಅಲ್ಲೊಬ್ಬ ಹೊಸಬ ಕೂತಿದ್ದ. ಹದ್ದು ಬಂಗಾರದಂತೆ ಹೊಳೆಯುತ್ತಿತ್ತು, ಚರ್ಮ ಹಸಿಯಾಗಿ ನಾರುತ್ತಿತ್ತು, ಬೆಲೆ ಹಿರಿಯರದರ ಹತ್ತರಲ್ಲೊಂದು ಭಾಗ.

ಹೊಸಬ: ಸಮಾಧಾನ ಮಾಡ್ಕೊಳ್ಳಿ ತಾತ. ನಮಸ್ಕಾರ ಅಣ್ಣಾ, ಕನ್ನಡ ಸ್ವಲ್ಪ ಸ್ವಲ್ಪ ಬರುತ್ತೆ.

ನಾನು: ನೀನು ಯಾವ ಊರಿನವನಪ್ಪಾ?

ಹೊಸಬ: ಮೊರಾದಾಬಾದ್. ಹಿತ್ತಾಳೆ ನಮ್ಮೂರ ಕಸುಬು. ದೀಪ, ಹೂದಾನಿ, ಗಂಟೆ, ಜೊತೆಗೆ ಜರ್ಮನ್ ಸಾಮ್ರಾಜ್ಯ. ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಕಳಿಸಿದರು.

ಹೆಲ್ಮೆಟ್: ನಕಲಿ! ಇವನ ಜೊತೆ ನಮ್ಮನ್ನು ಒಂದೇ ಪುಟದಲ್ಲಿ ಅಚ್ಚು ಮಾಡಬೇಡಿ.

ಹೊಸಬ: ತಾತ, ನನ್ನ ಹದ್ದಿಗೆ ಎರಡೇ ತೂತು. ಬೇಕಾದರೆ ಎಣಿಸಿ.

ನಾನು: ಅದು ನಿಜ. ಆದರೆ ನಟ್ಟು ಬೋಲ್ಟು ಹಾಕಿದ್ದಾರೆ.

ಹೊಸಬ: ಚರ್ಮದ ಬೆಣೆ ಕೆತ್ತೋದಕ್ಕೆ ಎಲ್ಲಿದೆ ಟೈಮು? ಒಳಗೆ ಮುದ್ರೆನೂ ಇಲ್ಲ. ನಮ್ಮ ಮೇಸ್ತ್ರಿ ಹೊಡೀತೀನಿ ಅಂದ, ಸಾಹುಕಾರರು ಬೇಡ ಅಂದ್ರು. ಮುದ್ರೆ ಇಲ್ಲದಿದ್ದರೆ ಶೋ ಪೀಸು, ಇದ್ದರೆ ಪೊಲೀಸು. ನನ್ನನ್ನ ಕೊಳ್ಳೋರು ಯಾವ ರೆಜಿಮೆಂಟು ಅಂತ ಕೇಳಲ್ಲ ಅಣ್ಣಾ. ನಾಟಕಕ್ಕೆ, ಸಿನಿಮಾಕ್ಕೆ, ಬಿಯರ್ ಬಾರಿನ ಗೋಡೆಗೆ. ತಾತನಿಗೆ ಗುಂಡಿನ ತೂತು ಇಲ್ಲ ಅಂತ ಕೊರಗು. ನನಗೆ ಬೇಕು ಅಂದ್ರೆ ಡ್ರಿಲ್ಲಿಂಗ್ ಮಷೀನಿದೆ.

ಹೆಲ್ಮೆಟ್: ನೂರು ವರ್ಷದ ಚರ್ಮಕ್ಕೂ ಹೋದ ತಿಂಗಳ ಚರ್ಮಕ್ಕೂ ವ್ಯತ್ಯಾಸ ತಿಳಿಯದ ಗಿರಾಕಿಗಳೂ ಇದ್ದಾರೆ. ಎಚ್ಚರವಾಗಿರಲಿ ಎಂದು ಬರೆಯಿರಿ. ಹಳೆಯ ಮೆರುಗು ಜೇಡರ ಬಲೆಯ ಹಾಗೆ ಸೀಳುತ್ತದೆ. ಚರ್ಮ ಕುಗ್ಗುತ್ತದೆ, ಹೊಲಿಗೆಯ ದಾರ ಮಾಸುತ್ತದೆ. ಹಿತ್ತಾಳೆ ಚರ್ಮಕ್ಕೆ ತಾಗುವ ಕಡೆ ಹಸಿರು ಕಿಲುಬು ಏಳುತ್ತದೆ. ಎಲ್ಲವೂ ಒಂದೇ ಸಮ ಹಳೆಯದಾಗಿ ಕಂಡರೆ ಅನುಮಾನ ಪಡಬೇಕು. ನಿಜವಾದ ಮುಪ್ಪು ಒಂದೊಂದು ಕಡೆ ಒಂದೊಂದು ಥರ ಬರುತ್ತದೆ.

ನಾನು: ಕೊಕಾರ್ಡುಗಳ ವಿಷಯ ಹೇಳಿ. ಕಿವಿಯ ಹತ್ತಿರ ಈ ಎರಡು ಬಣ್ಣದ ಬಿಲ್ಲೆಗಳು.

ಹೆಲ್ಮೆಟ್: ಎಡಗಡೆ ರಾಜ್ಯದ್ದು. ಪ್ರಷ್ಯಕ್ಕೆ ಕಪ್ಪು-ಬಿಳಿ-ಕಪ್ಪು, ಬವೇರಿಯಕ್ಕೆ ಬಿಳಿ-ನೀಲಿ-ಬಿಳಿ, ಸ್ಯಾಕ್ಸನಿಗೆ ಬಿಳಿ-ಹಸಿರು-ಬಿಳಿ. ಬಲಗಡೆ ಸಾಮ್ರಾಜ್ಯದ್ದು, ಕಪ್ಪು-ಬಿಳಿ-ಕೆಂಪು. ಬಲಗಡೆಯದು ಬಂದದ್ದು 1897ರಲ್ಲಿ, ಮೊದಲನೆಯ ವಿ‌ಲ್‌ಹೆಲ್ಮರು ಹುಟ್ಟಿ ನೂರು ವರ್ಷವಾದ ಸಂಭ್ರಮಕ್ಕೆ. 1860ರ ಹೆಲ್ಮೆಟ್ಟು ಎಂದು ಮಾರುವವನು ಎರಡು ಕೊಕಾರ್ಡು ತೋರಿಸಿದರೆ ಅವನಿಗೆ ಕೈ ಮುಗಿದು ಮುಂದಿನ ಮೇಜಿಗೆ ಹೋಗಿ.

ನಾನು: ಯುದ್ಧದ ವಿಷಯಕ್ಕೆ ಬರೋಣ. 1914.

ಹೆಲ್ಮೆಟ್: ಬರಲೇಬೇಕೇ?

ನಾನು: ಹೆಲ್ಮೆಟ್ಟನ್ನು ಸಂದರ್ಶಿಸಿ ಯುದ್ಧ ಕೇಳದಿದ್ದರೆ ಸಂಪಾದಕರು ಬೈಯುತ್ತಾರೆ.

ಹೆಲ್ಮೆಟ್: ಹೊಳೆಯಬಾರದೆಂದು ಬಟ್ಟೆಯ ಕವರು ಹಾಕಿದರು. ಅಂಥ ಕವರು 1892ರಿಂದಲೇ ಇತ್ತು. ಕವರಿನ ಮೇಲೆ ರೆಜಿಮೆಂಟಿನ ಸಂಖ್ಯೆ ಕೆಂಪು ಬಟ್ಟೆಯಲ್ಲಿ. ಕೆಂಪು ದೂರಕ್ಕೆ ಕಾಣುತ್ತದೆ ಎಂದು ಯುದ್ಧ ಶುರುವಾದ ಮೇಲೆ ಹೊಳೆಯಿತು, ಹಸಿರು ಮಾಡಿದರು. ಕಂದಕದಲ್ಲಿ ಕೂತರೆ ಸೈನಿಕನ ತಲೆ ಅಡಗುತ್ತಿತ್ತು, ಮೊನೆ ಅಡಗುತ್ತಿರಲಿಲ್ಲ. ‘ಇಲ್ಲಿದ್ದೇನೆ’ ಎಂದು ನಾವೇ ತೋರುಬೆರಳು ಎತ್ತಿದ ಹಾಗೆ. 1915ರಲ್ಲಿ ತಿರುಗಿಸಿ ತೆಗೆಯಬಹುದಾದ ಮೊನೆ ಮಾಡಿದರು. ರಣರಂಗದಲ್ಲಿ ಮೊನೆ ಬಿಚ್ಚಿಡಿ ಎಂದು ಆಜ್ಞೆಯಾಯಿತು. ಹಿತ್ತಾಳೆಯೂ ಹೋಗಿ ಬೂದುಬಣ್ಣದ ಉಕ್ಕಿನ ಹದ್ದು ಬಂತು. ಅಯಸ್ಕಾಂತ ಹಿಡಿದರೆ ತಟ್ಟನೆ ಅಂಟುತ್ತದೆ. ಹಿತ್ತಾಳೆಗೆ ಅಂಟುವುದಿಲ್ಲ. ಸಂಗ್ರಾಹಕರ ಜೇಬಿನಲ್ಲಿ ಒಂದು ಪುಟಾಣಿ ಅಯಸ್ಕಾಂತ ಇರುವುದು ಅದಕ್ಕೇ.

ನಾನು: ಚರ್ಮಕ್ಕೂ ಬರ ಬಂತಂತೆ.

ಹೆಲ್ಮೆಟ್: ನಮ್ಮ ಚರ್ಮ ಬಹಳಷ್ಟು ಅರ್ಜೆಂಟೀನದ ದನಗಳದ್ದು. ಇಂಗ್ಲಿಷರ ಹಡಗುಗಳು ಸಮುದ್ರದ ದಾರಿ ಮುಚ್ಚಿದವು. ದನ ಅಲ್ಲಿ, ತಲೆ ಇಲ್ಲಿ. ಆಗ ಹುಟ್ಟಿದರು ನೋಡಿ ನಮ್ಮ ಬಡ ನೆಂಟರು: ಉಣ್ಣೆ ಬಡಿದು ಮಾಡಿದವರು, ತಗಡಿನವರು, ಒತ್ತಿದ ಕಾಗದದವರು. ಅದೂ ಅದೇ ಆಕಾರ, ಅದೇ ಹದ್ದು, ಅದೇ ಮೊನೆ!

ನಾನು: ಒಂದು ನಿಮಿಷ. ಸಿಡಿಗುಂಡಿನ ಚೂರು ತಲೆಗೆ ಬೀಳುತ್ತಿರುವಾಗ ಕಾಗದದ ಹೆಲ್ಮೆಟ್ಟಿಗೆ ಮೊನೆ ಸಿಗಿಸುತ್ತ ಕೂತಿದ್ದರೇ?

ಹೆಲ್ಮೆಟ್: ಮೊನೆ ಇಲ್ಲದಿದ್ದರೆ ಶತ್ರುವಿಗೆ ನಾವು ಜರ್ಮನ್ನರು ಎಂದು ಹೇಗೆ ಗೊತ್ತಾಗಬೇಕು? (ಸ್ವಲ್ಪ ಹೊತ್ತು ಬಿಟ್ಟು) ನಿಜ ಹೇಳುತ್ತೇನೆ. ಚರ್ಮವೂ ತಡೆಯುತ್ತಿರಲಿಲ್ಲ, ಕಾಗದವೂ ತಡೆಯುತ್ತಿರಲಿಲ್ಲ. ತಲೆಗೆ ಗಾಯವಾದವರು ಆಸ್ಪತ್ರೆ ತುಂಬಿದರು. ಹ್ಯಾನೋವರಿನ ತಾಂತ್ರಿಕ ವಿದ್ಯಾಲಯದ ಫ್ರೀಡ್ರಿಷ್ ಶ್ವೆರ್ಡ್ ಎಂಬಾತ ಉಕ್ಕಿನ ಹೆಲ್ಮೆಟ್ ಮಾಡಿಕೊಟ್ಟ. 1916ರಲ್ಲಿ ವೆರ್ಡನ್‌ಗೆ ಹೋದವರ ತಲೆ ಮೇಲೆ ಅದು ಕಂಡಿತು. ಕುರೂಪಿ. ಕವುಚಿದ ಬಕೆಟ್ಟಿನಂತಿತ್ತು. ಮೊನೆ ಇಲ್ಲ, ಹದ್ದು ಇಲ್ಲ, ಧ್ಯೇಯವಾಕ್ಯ ಇಲ್ಲ. ತಲೆ ಕಾಯುವುದೊಂದೇ ಅದಕ್ಕೆ ಗೊತ್ತಿದ್ದ ಕೆಲಸ.

ನಾನು: ನಿಮಗೆ ಗೊತ್ತಿದ್ದದ್ದು?

ಹೆಲ್ಮೆಟ್: ಎತ್ತರ ತೋರಿಸುವುದು. ಎಪ್ಪತ್ನಾಲ್ಕು ವರ್ಷ ಯಾರೂ ತಲೆ ಕಾಯಿ ಎಂದು ನಮಗೆ ಹೇಳಲಿಲ್ಲ. ಪೆರೇಡಿನಲ್ಲಿ ಸಾಲು ನೇರ ಕಾಣಬೇಕು ಎಂದರು. ಕಂಡಿತು. ಹಬ್ಬದ ದಿನ ಕುದುರೆಕೂದಲ ಕುಚ್ಚು ಸಿಗಿಸಿದರು. ಸಿಗಿಸಿಕೊಂಡೆವು. ನಮ್ಮ ಹುದ್ದೆಯ ವಿವರ ಅಷ್ಟೇ ಇತ್ತು.

ನಾನು: ಸೋತ ಮೇಲೆ ಏನಾಯಿತು?

ಹೆಲ್ಮೆಟ್: ಅಮೆರಿಕಕ್ಕೆ ಹೋದವರ ಕಥೆ ಕೇಳಿ. 1919ರಲ್ಲಿ ಅಲ್ಲಿ ‘ವಿಜಯ ಸಾಲಪತ್ರ’ ಮಾರುತ್ತಿದ್ದರು. ಯುದ್ಧದ ಖರ್ಚು ತುಂಬಬೇಕಲ್ಲ. ಹಿಡಿದು ತಂದ ಹೆಲ್ಮೆಟ್ಟುಗಳನ್ನು ಸಾಲಪತ್ರದ ಪ್ರಚಾರಕ್ಕೆ ಬಹುಮಾನವಾಗಿ ಹಂಚಿದರು. ಹತ್ತಾರು ಸಾವಿರ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ, ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಹತ್ತಿರ, ಸಾವಿರಾರು ಹೆಲ್ಮೆಟ್ ಪೇರಿಸಿ ಪಿರಮಿಡ್ಡು ಕಟ್ಟಿದರು. ಅದರ ಫೋಟೋ ಇದೆ. ನಮ್ಮವರು ಅಷ್ಟು ನೇರ ಸಾಲಿನಲ್ಲಿ ಯಾವ ಪೆರೇಡಿನಲ್ಲೂ ನಿಂತಿರಲಿಲ್ಲ.

ಹೊಸಬ: ಹೋಲ್‌ಸೇಲ್ ಆರ್ಡರು ಅಂದ್ರೆ ಅದು ತಾತ.

ನಾನು: ಕೊಳ್ಳುವವರ ಬಗ್ಗೆ ಹೇಳಿ. ಎಂಥ ಜನ?

ಹೆಲ್ಮೆಟ್: ಮೂರು ಜಾತಿ. ಒಬ್ಬನಿಗೆ ಗೋಡೆಯ ಮೇಲೆ ಖಾಲಿ ಜಾಗ ಇರುತ್ತದೆ. ಅವನು ಬಂದ, ಕೊಂಡ, ಹೋದ. ಮನೆಗೆ ಹೋಗಿ ಬ್ರಾಸೊ ಹಾಕಿ ತಿಕ್ಕುತ್ತಾನೆ. ನೂರು ವರ್ಷದ ಬಣ್ಣವನ್ನು ಒಂದೇ ಮಧ್ಯಾಹ್ನದಲ್ಲಿ ಉಜ್ಜಿ ತೆಗೆದು ‘ನೋಡೇ, ಹೊಸದರ ಹಾಗಾಯಿತು’ ಎಂದು ಹೆಂಡತಿಗೆ ತೋರಿಸುತ್ತಾನೆ. ಎರಡನೆಯವನಿಗೆ ಜ್ಞಾನ ಜಾಸ್ತಿ. ಗೋಣಿದಾರದ ಹೊಲಿಗೆಗೂ ಲಿನನ್ ದಾರದ ಹೊಲಿಗೆಗೂ ವ್ಯತ್ಯಾಸ ಹೇಳುತ್ತಾನೆ, ಹಿಂಬದಿ ಪಟ್ಟಿಯಲ್ಲಿ ಗಾಳಿಗೆ ಬಿಟ್ಟ ಕಿಂಡಿ ಸರಿಯುತ್ತದೆಯೇ ನೋಡುತ್ತಾನೆ. ಎಲ್ಲ ಹೇಳಿ, ಎಲ್ಲ ನೋಡಿ, ಕೊಳ್ಳದೆ ಹೋಗುತ್ತಾನೆ. ಮೂರನೆಯವನು ಹೆಸರು ಹುಡುಕುವವನು.

ನಾನು: ಯಾರ ಹೆಸರು?

ಹೆಲ್ಮೆಟ್: ಹೊತ್ತವನದು. ಕೆಲವರು ಒಳಗೆ ಹೆಸರು ಬರೆದುಕೊಂಡಿದ್ದರು, ಕಾಗದದ ಚೀಟಿ ಅಂಟಿಸಿದ್ದರು. ಹೆಸರು ಸಿಕ್ಕಿದರೆ ಮೂರನೆಯವನು ಕಡತ ಹುಡುಕುತ್ತಾನೆ. ಯಾವ ಕಂಪನಿ, ಎಲ್ಲಿ ಗಾಯ, ಯಾವಾಗ ಸತ್ತ. ಸತ್ತ ದಿನಾಂಕ ಸಿಕ್ಕಿದ ದಿನ ಹೆಲ್ಮೆಟ್ಟಿನ ಬೆಲೆ ಏರುತ್ತದೆ. ಬದುಕಿ ಮನೆಗೆ ಹೋಗಿ ಆಲೂಗಡ್ಡೆ ಬೆಳೆದವನದ್ದು ಅಷ್ಟು ಹೋಗುವುದಿಲ್ಲ.

ನಾನು: ನಿಮ್ಮೊಳಗೆ ಹೆಸರಿದೆಯೇ?

ಹೆಲ್ಮೆಟ್: ಹಿಂದಿನ ಅಂಚಿನ ಕೆಳಗೆ ಇತ್ತು. ಬೆವರಿಗೆ ಅಳಿಸಿತು. ಮೊದಲನೇ ಅಕ್ಷರ ಉಳಿದಿದೆ, ‘ಕೆ’. ಅದು ಕಾರ್ಲ್‌ನದೋ ಕುರ್ಟ್‌ನದೋ ಎಂದು ಒಬ್ಬ ಗಿರಾಕಿ ಕನ್ನಡಿ ಹಿಡಿದು ಅರ್ಧ ಗಂಟೆ ನೋಡಿದ. ನನಗೆ ಗೊತ್ತಿದೆ. ಅವನು ನನ್ನನ್ನು ಕೇಳಲಿಲ್ಲ.

ನಾನು: ನಾನು ಕೇಳುತ್ತಿದ್ದೇನೆ.

ಹೆಲ್ಮೆಟ್: ನೀವು ಅಚ್ಚು ಹಾಕುತ್ತೀರಿ. ಆಗ ನಮ್ಮ ವ್ಯಾಪಾರಿ ಬೆಲೆಚೀಟಿ ಬದಲಾಯಿಸುತ್ತಾನೆ. ಬೇಡ.

(ಅಷ್ಟರಲ್ಲಿ ವ್ಯಾಪಾರಿ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಬಂದ. ಹಿಂದೆಯೇ ಒಬ್ಬ ಗಿರಾಕಿ, ಜೇಬಿನಿಂದ ಅಯಸ್ಕಾಂತ ತೆಗೆಯುತ್ತ. ನಾನು ಹೆಲ್ಮೆಟ್ಟನ್ನು ಮೆಲ್ಲಗೆ ನೆಟ್ಟಗೆ ಕೂರಿಸಿದೆ.)

ಹೆಲ್ಮೆಟ್: (ಗತ್ತಿನಿಂದ) ನಾವು ಇನ್ನು ಮುಂದೆ ಮಾತಾಡುವುದಿಲ್ಲ. ತೂತಿನ ವಿಷಯ ಬರೆಯಬೇಡಿ. ಪೋಸೆನ್ ಎಂದೂ ಬರೆಯಬೇಡಿ.

ಹೊಸಬ: ನನ್ನ ವಿಷಯ ಬರೀರಿ ಅಣ್ಣಾ. ಬಲ್ಕಿನಲ್ಲಿ ತಗೊಂಡ್ರೆ ರೇಟು ಕಮ್ಮಿ.

ನಾನು: ಕೊನೆಯದಾಗಿ ಒಂದು ಫೋಟೋ ತೆಗೆಯಲೇ?

ಹೆಲ್ಮೆಟ್: ಎಡಗಡೆಯಿಂದ ತೆಗೆಯಿರಿ. ಬಲಗಡೆಯ ಕೊಕಾರ್ಡು ಹೋದ ವರ್ಷ ಅಂಚೆಯಲ್ಲಿ ಬಂದದ್ದು.